ಕಸಿಗಿಡದ ಬಾಲಪಾಠ

ಪುತ್ತೂರು ಪೇಟೆಯ ಗದ್ದಲ ದಾಟಿ ಮೊಟ್ಟೆತ್ತಡ್ಕದ ಕಡೆ ಹೊರಳಿದರೆ ಕೆಂಪು ಮುರಕಲ್ಲಿನ ಗುಡ್ಡ, ಗುಡ್ಡದ ತುಂಬ ಗೇರುಮರ. 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆ ಈಗ ಇಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಾಗಿದೆ. 2023ರ ಜುಲೈಯಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮಕ್ಕಳಿಗೆ ಅದು ಪ್ರವಾಸ. ನನಗೆ ಮಾತ್ರ ಒಂದು ಸೋಲಿನ ಕಾರಣ ತಿಳಿಯಬೇಕಿತ್ತು.

ಹಿಂದಿನ ಮಳೆಗಾಲದಲ್ಲಿ ಮನೆಯ ಹಿಂದಿನ ಗುಡ್ಡೆಯಲ್ಲಿ ಇಪ್ಪತ್ತು ಗೇರು ಕಸಿಗಿಡ ನೆಟ್ಟಿದ್ದೆ. ಬೇರೊಂದು ಕಡೆಯಿಂದ ಕೊಂಡು ತಂದವು. ನೀಳವಾಗಿ, ಹಸಿರಾಗಿ, ನೋಡಲು ಬಲು ಚೆಂದ. ಮಾರ್ಚ್ ಬರುವಷ್ಟರಲ್ಲಿ ಉಳಿದದ್ದು ಆರೇ ಆರು! ಮಣ್ಣನ್ನು ಬೈದೆ, ಬಿಸಿಲನ್ನು ಬೈದೆ, ನೀರು ಹಾಕಲು ಉದಾಸೀನ ಮಾಡಿದನೆಂದು ಮಗನನ್ನೂ ಬೈದೆ.

ನರ್ಸರಿಯಲ್ಲಿ ಮೃದುಕಾಂಡ ಕಸಿಯ ಕೆಲಸ ನಡೆದಿತ್ತು. ಪಾಲಿಥಿನ್ ತೊಟ್ಟೆಗಳಲ್ಲಿ ಒಂದೂವರೆ, ಎರಡು ತಿಂಗಳ ಗೇರು ಸಸಿಗಳು. ಅವುಗಳ ತುದಿ ಕತ್ತರಿಸಿ, ಕಾಂಡವನ್ನು ಸೀಳಿ, ಒಳ್ಳೆಯ ತಳಿಯ ಮರದ ಕುಡಿಯನ್ನು ಬೆಣೆಯಂತೆ ಚೂಪು ಮಾಡಿ ಸೇರಿಸಿ ಪಟ್ಟಿ ಕಟ್ಟುತ್ತಾರೆ. ಆ ಕುಡಿಯ ಎಲೆಗಳನ್ನು ವಾರ, ಹತ್ತು ದಿನ ಮೊದಲೇ ಮರದಲ್ಲೇ ಸವರಿರುತ್ತಾರೆ. ಕಸಿ ಕಟ್ಟಿದ ಮೇಲೆ ಕುಡಿಗೊಂದು ಪಾಲಿಥಿನ್ ಟೋಪಿ!

ಟೋಪಿ ಏಕೆ? ಬೇರಿನೊಡನೆ ಇನ್ನೂ ಬೆಸೆಯದ ಕುಡಿಗೆ ನೀರು ಸಿಗದು. ಗಾಳಿಗೊಡ್ಡಿದರೆ ಇದ್ದ ನೀರೂ ಆವಿಯಾಗಿ ಹೋಗುತ್ತದೆ. ಟೋಪಿಯೊಳಗಿನ ತೇವ ಅದನ್ನು ಕಾಯುತ್ತದೆ. ಅಷ್ಟರಲ್ಲಿ ಎರಡೂ ಕಾಂಡಗಳ ಕ್ಯಾಂಬಿಯಂ ಪದರಗಳು ಒಂದಾಗಬೇಕು. ಹತ್ತು ಹದಿನೈದು ದಿನಕ್ಕೆ ಟೋಪಿ ತೆಗೆಯುತ್ತಾರೆ. ಕುಡಿ ಚಿಗುರಿದ ಮೇಲೆ ಗಿಡವನ್ನು ನೆರಳಿನಿಂದ ಮೆಲ್ಲಮೆಲ್ಲನೆ ಬಿಸಿಲಿಗೆ ತರುತ್ತಾರೆ. ನೆಡಲು ಯೋಗ್ಯವಾಗಲು ಐದಾರು ತಿಂಗಳು ಬೇಕು.

"ಅಕ್ಕ, ಯಾವಾಗಲೂ ನೆರಳಲ್ಲೇ ಇಟ್ಟರೆ ಏನಾಗ್ತದೆ?" ನನ್ನ ವಿದ್ಯಾರ್ಥಿನಿಯೊಬ್ಬಳು ಕಸಿ ಕಟ್ಟುತ್ತಿದ್ದಾಕೆಯನ್ನು ಕೇಳಿದಳು.

"ಉದ್ದ ಮಾತ್ರ ಬೆಳೀತದೆ ಮಗಾ, ಗಟ್ಟಿ ಆಗುದಿಲ್ಲ."

ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು ತಲೆ ತಗ್ಗಿಸಿದೆ. ಬೆಳಕು ಸಾಲದ ಗಿಡ ಕಾಂಡವನ್ನು ಎಳೆದೆಳೆದು ನೀಳವಾಗುತ್ತದೆ, ಎಲೆ ತೆಳುವಾಗುತ್ತದೆ ಎಂದು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ! ಆ ಚೆಂದದ ಗಿಡಗಳನ್ನು ಕೊಳ್ಳುವಾಗ ಮಾತ್ರ ಅದು ನೆನಪಾಗಲಿಲ್ಲ.

ಮನೆಗೆ ಬಂದು, ಸತ್ತ ಗಿಡವೊಂದನ್ನು ಅಗೆದು ನೋಡಿದೆ. ಬೇರು ತೊಟ್ಟೆಯ ಆಕಾರದಲ್ಲೇ ಸಿಂಬೆಯಂತೆ ಸುತ್ತಿಕೊಂಡಿತ್ತು. ಆಳಕ್ಕೆ ಇಳಿದೇ ಇರಲಿಲ್ಲ. ಸಣ್ಣ ತೊಟ್ಟೆಯಲ್ಲಿ ಬಹುಕಾಲ ಉಳಿದ ಗಿಡದ ಗತಿ ಇದು. ಮೇಲ್ಮಣ್ಣು ಒಣಗಿದೊಡನೆ ಅದಕ್ಕೆ ನೀರಿನ ದಾರಿಯೇ ಇಲ್ಲ.

ಆದ್ದರಿಂದ ಕಸಿಗಿಡ ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿ. ಕಾಂಡ ದಪ್ಪಗಿದೆಯೇ, ಗಂಟು ಚೆನ್ನಾಗಿ ಕೂಡಿದೆಯೇ, ಬಿಸಿಲಿನ ಅಭ್ಯಾಸವಾಗಿದೆಯೇ, ತೊಟ್ಟೆಯಲ್ಲಿ ಎಷ್ಟು ಕಾಲದಿಂದ ಇದೆ ಎಂದು ವಿಚಾರಿಸಿ. ನೆಡುವಾಗ ಗಂಟು ಮಣ್ಣಿನಿಂದ ಮೇಲಿರಲಿ. ಕಟ್ಟಿದ ಪಟ್ಟಿ ಬಿಚ್ಚಲು, ಗಂಟಿನ ಕೆಳಗೆ ಒಡೆಯುವ ಚಿಗುರು ಚಿವುಟಲು ಮರೆಯದಿರಿ.

ಅಂದು ಸಂಜೆ ಆ ಬೇರನ್ನು ಮಗನಿಗೆ ತೋರಿಸಿ, "ತಪ್ಪು ನಿನ್ನದಲ್ಲ ಮಾರಾಯ" ಎಂದೆ. ಅವನು ನಕ್ಕು, ಹೊಸ ಗುಂಡಿ ತೋಡಲು ಹಾರೆ ಎತ್ತಿಕೊಂಡ.