ಎರಡನೇ ಬಕೆಟ್ಟಿನ ನೀಲಿ

ಕಂಪ್ಲಿಯಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ಹುಡುಕುವುದು ಸಲೀಸು. ಪಡಸಾಲೆಗೆ ಯಾವ ನೀಲಿ ಎಂಬುದು ಮಾತ್ರ ಬೇಗ ಇತ್ಯರ್ಥವಾಗುವುದಿಲ್ಲ. ಪೇಂಟಿನಂಗಡಿಯವನು ಶೇಡ್ ಕಾರ್ಡು ಬಿಚ್ಚಿದರೆ ಸಾಲುಸಾಲು ನೀಲಿ. ಒಂದಕ್ಕೆ ಆಕಾಶದ ಹೆಸರು, ಇನ್ನೊಂದಕ್ಕೆ ಸಮುದ್ರದ್ದು, ಮತ್ತೊಂದಕ್ಕೆ ಈ ಕಡೆ ಯಾರೂ ಕಾಣದ ಹೂವಿನದು. ಮನೆಯಾಕೆ ಅಕ್ಕಪಕ್ಕದ ಎರಡು ಚೌಕಗಳ ಮೇಲೆ ಬೆರಳಿಟ್ಟು "ಇದು ಬ್ಯಾರೆ, ಅದು ಬ್ಯಾರೆ" ಅನ್ನುತ್ತಾರೆ. ಯಜಮಾನರಿಗೆ ಎರಡೂ ಒಂದೇ. ಪೇಂಟರ್ ಜಾಣ: "ನೀವ್ ಯಾವ್ದ್ ಹೇಳ್ತೀರಿ, ಅದನ್ನ ಹೊಡೀತೀನ್ರಿ."

ಸುಣ್ಣದ ಕಾಲದಲ್ಲಿ ಈ ಜಗಳವಿರಲಿಲ್ಲ.

ಹಬ್ಬ ಹತ್ತಿರ ಬಂತೆಂದರೆ ಸುಣ್ಣದ ಹರಳು ತಂದು ಡ್ರಮ್ಮಿಗೆ ಹಾಕಿ ನೀರು ಸುರಿಯುತ್ತಿದ್ದರು. ಅದು ಕೊತಕೊತ ಕುದ್ದು, ತಣಿದು, ಬಟ್ಟೆಯಲ್ಲಿ ಸೋಸಿಕೊಂಡ ಮೇಲೆ ಬರೀ ಸುಣ್ಣದಲ್ಲಿ ಸಣ್ಣ ಹಳದಿ ಛಾಯೆ ಉಳಿದಿರುತ್ತಿತ್ತು. ಅದನ್ನು ಕೊಲ್ಲಲು ನೀಲಿ ಪುಡಿ. ಬಿಳಿ ಪಂಚೆಗೆ ಹಾಕುವುದೂ ಅದೇ ಪುಡಿ. ಕೈ ಹಗುರಾದರೆ ಗೋಡೆ ಹಾಲಿನಷ್ಟು ಬೆಳ್ಳಗೆ. ಕೈ ಭಾರವಾದರೆ ನೀಲಿ ಗೋಡೆ. ಹಸಿಯಲ್ಲಿ ಕಾಣುವುದೊಂದು, ಒಣಗಿದಾಗ ಉಳಿಯುವುದೊಂದು. ಹೀಗಾಗಿ ಮೊದಲ ಬಕೆಟ್ಟು ಮುಗಿದು ಎರಡನೆಯದು ಶುರುವಾದ ಜಾಗ ಗೋಡೆಯ ನಡುವೆ ಗೆರೆ ಹೊಡೆದಂತೆ ಎದ್ದು ಕಾಣುತ್ತಿತ್ತು. ಅದಕ್ಕಾಗಿ ಯಾರೂ ಕೂಲಿ ಹಿಡಿದಿಟ್ಟುಕೊಂಡದ್ದಿಲ್ಲ.

ಆ ಅಗ್ಗದ ಪುಡಿಯ ಹಿಂದೆ ದೊಡ್ಡ ಕತೆಯಿದೆ. ಅದರ ಹೆಸರು ಅಲ್ಟ್ರಾಮರೀನ್. ಶತಮಾನಗಳ ಕಾಲ ಅದನ್ನು ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳ ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಯುರೋಪಿನ ಚಿತ್ರಕಾರರು ಬಂಗಾರದ ಜೊತೆ ತೂಗುವಷ್ಟು ಅದು ದುಬಾರಿ. 1824ರಲ್ಲಿ ಫ್ರಾನ್ಸಿನ ಒಂದು ಸಂಘ, ಇದನ್ನು ಅಗ್ಗವಾಗಿ ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಎಂದು ಸಾರಿತು. 1828ರಲ್ಲಿ ಝ್ಯಾಂ-ಬಾಪ್ತಿಸ್ತ್ ಗಿಮೆ ಅದನ್ನು ಗೆದ್ದ. ಬಿಳಿ ಜೇಡಿ, ಸೋಡಾ, ಗಂಧಕ, ಇದ್ದಿಲು ಕೂಡಿಸಿ ಕುಲುಮೆಗಿಟ್ಟರೆ ನೀಲಿ! ರಾಜಮನೆತನಗಳ ಬಣ್ಣ ಹೀಗೆ ಕಿರಾಣಿ ಅಂಗಡಿಯ ಪೊಟ್ಟಣಕ್ಕೆ ಇಳಿಯಿತು. ಅದಕ್ಕಿಂತ ಮೊದಲೇ, ಹದಿನೆಂಟನೇ ಶತಮಾನದ ಆರಂಭದಲ್ಲಿ, ಬರ್ಲಿನ್ನಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿಗೆ ಸುಣ್ಣದ ಕ್ಷಾರ ಆಗಿಬರುವುದಿಲ್ಲ, ಬಣ್ಣ ಕೆಡುತ್ತದೆ. ಅಲ್ಟ್ರಾಮರೀನ್ ಸುಣ್ಣಕ್ಕೆ ಜಗ್ಗುವುದಿಲ್ಲ, ಆದರೆ ಹುಳಿಗೆ ಸೋಲುತ್ತದೆ. ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದದೆಯೇ ಸರಿಯಾದ ನೀಲಿಯನ್ನೇ ಸುಣ್ಣಕ್ಕೆ ಹಾಕಿದ್ದರು.

ಈಗ ಅಂಗಡಿಯ ಮಷಿನ್ನು ಬಿಳಿ ಬೇಸ್ ಪೇಂಟಿಗೆ ಹನಿ ಲೆಕ್ಕದಲ್ಲಿ ಬಣ್ಣ ಸುರಿಯುತ್ತದೆ. ಲೆಕ್ಕ ಪಕ್ಕಾ, ಗೋಡೆ ಮಾತ್ರ ಆ ಲೆಕ್ಕ ಕೇಳುವುದಿಲ್ಲ. ಕಾರ್ಡಿನ ಚೌಕದಲ್ಲಿ ತಿಳಿಯಾಗಿದ್ದ ನೀಲಿ ನಾಲ್ಕೂ ಗೋಡೆಗೆ ಬಂದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಗಾಢವಾಗುತ್ತದೆ. ಹಳದಿ ಬಲ್ಬಿನಡಿ ಮಂಕಾಗುತ್ತದೆ, ಬಿಳಿ ಟ್ಯೂಬ್‌ಲೈಟಿನಡಿ ಆಸ್ಪತ್ರೆಯ ವಾರ್ಡಿನ ಕಳೆ ಬರುತ್ತದೆ. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ರಸ್ತೆಬದಿಯ ಮನೆಗಂತೂ ಕೆಂಧೂಳು ತನ್ನದೇ ಶೇಡು ಸೇರಿಸುತ್ತದೆ. ಅದು ಯಾವ ಕಾರ್ಡಿನಲ್ಲೂ ಇಲ್ಲ. ಅಂಗಡಿಯಲ್ಲಿ ನಿಂತು ಎರಡು ಚೌಕಗಳ ನಡುವೆ ತಾಸುಗಟ್ಟಲೆ ತೂಗುವುದು ಶುದ್ಧ ಕಾಲಹರಣ. ಸಣ್ಣ ಡಬ್ಬಿ ತಂದು ಮೊಳದಗಲ ಹಚ್ಚಿ, ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿದರೆ ಸಾಕು.

ಅಷ್ಟು ತಾಳ್ಮೆ ಯಾರಿಗಿದೆ? ಇಪ್ಪತ್ತು ಲೀಟರಿನ ಬಕೆಟ್ಟೇ ಮನೆಗೆ ಬರುತ್ತದೆ. ಮಷಿನ್ನಿನಲ್ಲಿ ಕಲಸಿದ ಬಣ್ಣವನ್ನು ಅಂಗಡಿಯವರು ವಾಪಸು ತಗೊಳ್ಳುವುದಿಲ್ಲ. ಒಪ್ಪಿಗೆಯಾಗದೆ ಉಳಿದದ್ದೆಲ್ಲ ಹಿತ್ತಲಿನ ಬಚ್ಚಲುಮನೆಗೆ.