ಎರಡು ಮನೆಯ ಕಾಟ

ಪದಬಂಧದಲ್ಲಿ ಉದ್ದದ ಪದ ಕಂಡರೆ ನನಗೆ ಧೈರ್ಯ. 'ಬಂಗಾರದ ಮನುಷ್ಯ' ಏಳು ಮನೆ ಹಿಡಿದು ಕೂತಿದ್ದರೂ 'ಬಂ' ಒಂದು ಸಿಕ್ಕಿತೆಂದರೆ ರಾಜ್‌ಕುಮಾರ್ ತಾವೇ ಎದ್ದು ಬರುತ್ತಾರೆ. ಕಾಟ ಕೊಡುವುದೆಲ್ಲ ಎರಡು ಮನೆಯ ಮರಿಪದಗಳು. 'ಅರಿ' ಎಂದರೆ ತಿಳಿದುಕೋ, ಕತ್ತರಿಸು, ಶತ್ರು, ಮೂರೂ ಹೌದು. 'ಇರಿ' ಇನ್ನೂ ಕಿಲಾಡಿ: ಹೊರಟು ನಿಂತ ನೆಂಟರಿಗೆ ಹೇಳಿದರೆ ಉಪಚಾರ, ಚೂರಿ ಹಿಡಿದವನಿಗೆ ಹೇಳಿದರೆ ಅಪರಾಧ.

ಇದರ ಹಿಂದೆ ಹಳೆಯ ಲೆಕ್ಕವೊಂದಿದೆ. ಹಳಗನ್ನಡದಲ್ಲಿ ತಿಳಿಯುವುದು ಶಕಟರೇಫದ 'ಅಱಿ', ಕತ್ತರಿಸುವುದು ಸಾದಾ 'ಅರಿ'. ಬದುಕುವುದು 'ಬಾೞ್', ಖಡ್ಗ 'ಬಾಳ್'. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಪದಗಳನ್ನು ಹೆಕ್ಕಿ ಹೆಕ್ಕಿ ತೋರಿಸಬೇಕಾಯಿತೆಂದರೆ, ಜನ ಆಗಲೇ ಬೆರಕೆ ಮಾಡತೊಡಗಿದ್ದರೆಂದು ತಾನೆ ಅರ್ಥ? ಆ ಅಕ್ಷರಗಳು ಊರು ಬಿಟ್ಟವು. ಅವುಗಳ ಅರ್ಥಗಳು ಪಕ್ಕದ ಮನೆಯಲ್ಲಿ ಬಾಡಿಗೆಗೆ ಉಳಿದವು. ಲಾಭ ಪದಬಂಧ ಕಟ್ಟುವವರಿಗೆ.

ನಮ್ಮ ಉಬ್ರಾಣಿ ಅಡಿಕೆಯ ಸೀಮೆ. ಇಲ್ಲಿ ಪತ್ರಿಕೆ ಬಂದರೆ ಪದಬಂಧಕ್ಕಿಂತ ಮೊದಲು ಕಣ್ಣು ಹೋಗುವುದು ಚನ್ನಗಿರಿ ಪೇಟೆಯ ಧಾರಣೆಗೆ. 'ಹನ್ನೆರಡರಲ್ಲಿ ಒಂದು' ಎಂಬ ಸುಳಿವಿಗೆ ಬೆಂಗಳೂರಿನವರು ಮೇಷ, ವೃಷಭ ನೆನೆದು 'ರಾಶಿ' ಬರೆದಾರು. ನಮ್ಮ ಕಡೆ "ರಾಶಿ ಎಷ್ಟೈತಣ್ಣ ಇವತ್ತು?" ಅಂದರೆ ಗ್ರಹಗತಿಯಲ್ಲ, ಬೇಯಿಸಿ ಒಣಗಿಸಿದ ಕೆಂಪಡಿಕೆಗೆ ಕ್ವಿಂಟಾಲಿಗೆ ಎಷ್ಟು ಎಂಬ ಪ್ರಶ್ನೆ. (ಭವಿಷ್ಯ ನಿಂತಿರುವುದು ಎರಡರ ಮೇಲೂ, ಆ ಮಾತು ಬೇರೆ.) 'ಹಾಳೆ' ಬರೆಯುವ ಕಾಗದವಾಗುವ ಮೊದಲು ಗರಿಯ ಜೊತೆ ಮರದಿಂದ ಕಳಚಿ ಬೀಳುವ ವಸ್ತು. 'ಕಳೆ' ಮುಖದಲ್ಲಿದ್ದರೆ ಚೆಂದ, ತೋಟದಲ್ಲಿದ್ದರೆ ಕೂಲಿಯ ಖರ್ಚು. 'ಕೆರೆ'ಯೋ, ಏತ ನೀರಾವರಿಯಲ್ಲಿ ಭದ್ರೆ ಬಂದರೆ ತುಂಬುವುದು. ತುರಿಕೆ ಬಂದರೆ ಉಗುರಿನ ಕೆಲಸ.

ಬಿಡಿಸುವಾಗ ನಾನು ಮೊದಲು ನೋಡುವುದು, ಸುಳಿವು ಹೆಸರು ಕೇಳುತ್ತಿದೆಯೋ ಕೆಲಸ ಹೇಳುತ್ತಿದೆಯೋ ಎಂದು. ಕನ್ನಡದ ಧಾತು ಬರಿಮೈಯಲ್ಲಿ ನಿಂತರೇ ಆಜ್ಞೆ. ಹಾಗಾಗಿ 'ಕರೆ' ಫೋನಿಗೂ ಬರುತ್ತದೆ, ಚೆಂಬು ಹಿಡಿದು ಹಸುವಿನ ಪಕ್ಕ ಕೂತವರಿಗೂ ಬರುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಅಡ್ಡಹಾಯುವ ಪದವೇ ಗತಿ. ನಮ್ಮಲ್ಲಿ ಗುಣಿತ, ಒತ್ತು ಸಮೇತ ಇಡೀ ಅಕ್ಷರ ಒಂದೇ ಮನೆಯಲ್ಲಿ ಕೂರುವುದರಿಂದ ಒಂದು ಸಿಕ್ಕರೂ ದೊಡ್ಡ ಆಧಾರ: 'ರಾ' ಬಂತೋ, ಹನ್ನೆರಡರಲ್ಲಿ ಒಂದಾದ 'ಮಾಸ' ಹೊರಗೆ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಗೆ ಮೊದಲ ಪದಬಂಧ ಕಟ್ಟಿದ ಆರ್ಥರ್ ವಿನ್‌ಗೆ ಈ ಸೌಕರ್ಯ ಇರಲಿಲ್ಲ. ನಮ್ಮ ನಿಘಂಟಿನ ಅಜ್ಜ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ ವರ್ಷದ ಆಗಸ್ಟಿನಲ್ಲಿ. ಪದಬಂಧಕ್ಕಿಂತ ನಾಲ್ಕು ತಿಂಗಳು ಹಿರಿಯರು.

ಕನ್ನಡದಲ್ಲಿ ಸಾವಿರಾರು ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಕೋಲಾರ ಜಿಲ್ಲೆಯ ಅಬ್ಬಣಿ ಎಂಬ ಹಳ್ಳಿಯವರು. ಆದರೂ ಈಗಿನ ಎಷ್ಟೋ ಪದಬಂಧಗಳು ಹಳ್ಳಿಯ ಕಡೆ ತಲೆ ಹಾಕುವುದಿಲ್ಲ. ದುಂಬಿಗೆ 'ಅಳಿ', ಕಾಡಿಗೆ 'ವನ' ಎಂದು ಬರೆದು ಬರೆದು ಪೆನ್ಸಿಲ್ ಸವೆಯಿತು. ಪದಬಂಧ ಕಟ್ಟುವವರೇ, ಒಂದು ಸಲ 'ಚನ್ನಗಿರಿ ಪೇಟೆಯ ಕೆಂಪಡಿಕೆ (2)' ಎಂದು ಸುಳಿವು ಕೊಟ್ಟು ನೋಡಿ. ಆಗ ರಾಜಧಾನಿಯವರು ತಲೆ ಕೆರೆದುಕೊಳ್ಳಲಿ.