ಅಭ್ಯರ್ಥಿ ಗ್ರಹಕ್ಕೆ ನಾವು ಹಾಕಿದ ಹಾರ

ಸಂತೆಮರಹಳ್ಳಿಯಿಂದ ಸುದ್ದಿ ಕಳಿಸುವ ನಾವು ಇಬ್ಬರು. ಅರಿಶಿನದ ಬೆಲೆ, ಬಾರದ ಬಸ್ಸು, ಪಂಚಾಯಿತಿ ಸಭೆ, ಚಿರತೆ, ಇಷ್ಟೇ ನಮ್ಮ ಪ್ರಪಂಚ. 2025ರ ಆಗಸ್ಟ್‌ನಲ್ಲಿ ಒಮ್ಮೆ ಮಾತ್ರ ಆಕಾಶಕ್ಕೆ ಕೈಹಾಕಿ ಸುಟ್ಟುಕೊಂಡೆವು.

ಆ ವಾರ ನಾಸಾ ಒಂದು ಸುದ್ದಿ ಕೊಟ್ಟಿತ್ತು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರಕೂಟ ಆಲ್ಫಾ ಸೆಂಟಾರಿ. ಅಲ್ಲಿ ಶನಿಯಷ್ಟು ತೂಕದ ದೈತ್ಯ ಗ್ರಹವೊಂದರ ಗುರುತು ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿದೆ ಎಂದು. ನಾವು ಪೂರ್ತಿ ಓದಲಿಲ್ಲ. ‘ಎರಡು ಸೂರ್ಯರ ಲೋಕದಲ್ಲಿ ದೈತ್ಯ ಗ್ರಹ ಪತ್ತೆ’ ಎಂದು ದಪ್ಪಕ್ಷರದಲ್ಲಿ ಬರೆದು ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಿಟ್ಟೆವು. ಚಿರತೆ ಸುದ್ದಿಗಿಂತ ಜೋರಾಗಿ ಓಡಿತು.

ಮಾರನೇ ದಿನ ಟೀ ಅಂಗಡಿಯಲ್ಲಿ ಒಬ್ಬ ಹಿರಿಯರು ಫೋನು ಹಿಡಿದೇ ಕೇಳಿದರು: ‘ಯಾರು ಕಂಡವ್ರೆ ಇದ? ಎಷ್ಟು ಸಲ ಕಂಡವ್ರೆ?’

ಬಾಯಿ ಕಟ್ಟಿತು. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ನಮಗೆ ಗೊತ್ತಿತ್ತು. ಅದಕ್ಕೆ ಕೆಲವು ವರ್ಷ ಮೊದಲು, ಅರಿಶಿನ ಕೀಳುವ ಕಾಲದಲ್ಲಿ, ಯಾರೋ ಕಳಿಸಿದ ಒಂದು ವಿಡಿಯೊ ನಂಬಿ ‘ಚಿರತೆ ಪ್ರತ್ಯಕ್ಷ’ ಎಂದು ಬರೆದಿದ್ದೆವು. ಮೂರು ದಿನ ಹೆಂಗಸರು ಹೊಲಕ್ಕೆ ಹೋಗಲಿಲ್ಲ, ಮೂರು ದಿನದ ಕೂಲಿ ಹೋಯಿತು. ಆಮೇಲೆ ನೋಡಿದರೆ ವಿಡಿಯೊ ಬೇರೆಲ್ಲಿಯದೋ. ಆ ಕೂಲಿಯನ್ನು ನಾವು ಯಾರಿಗೂ ಕಟ್ಟಿಕೊಡಲಿಲ್ಲ. ಹಿರಿಯರ ಮನೆಯವರೂ ಆ ಕೂಲಿ ಕಳೆದುಕೊಂಡವರೇ.

ರಾತ್ರಿ ಕೂತು ಸುದ್ದಿಯನ್ನು ಪೂರ್ತಿ ಓದಿದೆವು.

ಆಲ್ಫಾ ಸೆಂಟಾರಿ ಎಂದರೆ ಒಂದಲ್ಲ, ಮೂರು ನಕ್ಷತ್ರ. ‘ಎ’ ನಮ್ಮ ಸೂರ್ಯನಂಥದ್ದೇ, ‘ಬಿ’ ತುಸು ಚಿಕ್ಕದು. ಎರಡೂ ಒಂದನ್ನೊಂದು ಸುತ್ತಲು ಸುಮಾರು 80 ವರ್ಷ ಬೇಕು. ಒಬ್ಬ ಅಜ್ಜಿಯ ಆಯಸ್ಸು, ಒಂದು ಸುತ್ತು. ಹತ್ತಿರ ಬಂದಾಗ ಅವುಗಳ ನಡುವಿನ ಅಂತರ ಸೂರ್ಯನಿಂದ ಶನಿಗಿರುವ ದೂರಕ್ಕಿಂತ ಸ್ವಲ್ಪವೇ ಹೆಚ್ಚು, ದೂರ ಹೋದಾಗ ನೆಪ್ಚೂನನ್ನೂ ದಾಟುವಷ್ಟು. ಮೂರನೆಯದು ಪ್ರಾಕ್ಸಿಮಾ, ಮಂಕಾದ ಕೆಂಪು ಚುಕ್ಕಿ, ಬರಿಗಣ್ಣಿಗೆ ಕಾಣದು. ಅದು ಸಿಕ್ಕಿದ್ದು 1915ರಲ್ಲಿ. ಅದನ್ನು ಸುತ್ತುವ ಒಂದು ಗ್ರಹ 2016ರಲ್ಲಿ ಸಿಕ್ಕಿತು.

ಹೊಸ ಸುದ್ದಿ ‘ಎ’ ನಕ್ಷತ್ರದ್ದು. ರಾತ್ರಿ ಬೈಕಿನಲ್ಲಿ ಬರುವಾಗ ಎದುರಿಗೆ ಎರಡು ಲಾರಿ ಬಂದವೆನ್ನಿ. ಒಂದರ ಹೆಡ್‌ಲೈಟಿನ ಪಕ್ಕದಲ್ಲೇ ಒಂದು ಮಿಣುಕುಹುಳ ಹುಡುಕಬೇಕು. ಆ ಲೈಟಿಗೆ ಅಂಗೈ ಅಡ್ಡ ಹಿಡಿಯಬಹುದು. ಇನ್ನೊಂದು ಲಾರಿಯ ಬೆಳಕನ್ನು ಲೆಕ್ಕ ಹಾಕಿ ಕಳೆಯಬೇಕು. ವೆಬ್ ಮಾಡಿದ್ದು ಇದೇ ಕೆಲಸ. 2024ರ ಆಗಸ್ಟ್‌ನಲ್ಲಿ ‘ಎ’ ಪಕ್ಕ ಒಂದು ಚುಕ್ಕಿ ಕಂಡಿತು, ‘ಎ’ಗಿಂತ 10,000 ಪಟ್ಟಿಗೂ ಹೆಚ್ಚು ಮಂಕು. 2025ರ ಫೆಬ್ರವರಿಯಲ್ಲಿ ಮತ್ತೆ ನೋಡಿದರು, ಕಾಣಲಿಲ್ಲ. ಏಪ್ರಿಲ್‌ನಲ್ಲಿ ನೋಡಿದರು, ಆಗಲೂ ಇಲ್ಲ.

ಒಂದು ಸಲ ಕಂಡು ಎರಡು ಸಲ ಕಾಣದ್ದು. ಥೇಟ್ ಚಿರತೆ.

ಆದರೆ ವಿಜ್ಞಾನಿಗಳು ‘ಪ್ರತ್ಯಕ್ಷ’ ಎಂದೂ ಬರೆಯಲಿಲ್ಲ, ‘ಸುಳ್ಳು’ ಎಂದೂ ಬಿಡಲಿಲ್ಲ. ಆ ಗ್ರಹ ಯಾವ ಯಾವ ದಾರಿಯಲ್ಲಿ ಸುತ್ತುತ್ತಿರಬಹುದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅದರಲ್ಲಿ ಅರ್ಧದಷ್ಟು ದಾರಿಗಳಲ್ಲಿ, ಆ ಎರಡು ಸಲವೂ ಗ್ರಹ ನಕ್ಷತ್ರಕ್ಕೆ ತೀರಾ ಹತ್ತಿರವಿದ್ದು ಕಣ್ಣಿಗೆ ಸಿಗುತ್ತಲೇ ಇರಲಿಲ್ಲವಂತೆ. ಹಾಗಾಗಿ ಅವರು ಇಟ್ಟ ಪದ ‘ಅಭ್ಯರ್ಥಿ’.

ಅಭ್ಯರ್ಥಿ! ಪಂಚಾಯಿತಿ ಚುನಾವಣೆ ಬರೆದು ಬರೆದು ಸವೆದವರು ನಾವು. ನಾಮಪತ್ರ ಹಾಕಿದವನಿಗೆ ಎಣಿಕೆಗೆ ಮೊದಲೇ ಗೆದ್ದ ಹಾರ ಹಾಕಿಬಿಟ್ಟಿದ್ದೆವು.

ಇದೇ ಕೂಟದಲ್ಲಿ ಹಿಂದೆಯೂ ಹೀಗೆ ಆಗಿದೆ. 2012ರಲ್ಲಿ ‘ಬಿ’ ನಕ್ಷತ್ರಕ್ಕೆ ಭೂಮಿಯಷ್ಟು ತೂಕದ ಗ್ರಹವಿದೆ ಎಂದು ಪ್ರಕಟವಾಗಿ ಲೋಕವೆಲ್ಲ ಸಂಭ್ರಮಿಸಿತು. 2015ರಲ್ಲಿ ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಜಾಲಾಡಿ, ಆ ಗ್ರಹ ಲೆಕ್ಕದೊಳಗೆ ಹುಟ್ಟಿದ ನೆರಳು ಎಂದು ತೋರಿಸಿದರು. ದೊಡ್ಡವರೂ ಎಡವುತ್ತಾರೆ. ಆದರೆ ಎಡವಿದ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಗುರುತು ಮಾಡುತ್ತಾರೆ. ಚಿರತೆ ವಿಷಯದಲ್ಲಿ ನಾವು ಅದನ್ನು ಮಾಡಿರಲಿಲ್ಲ, ಸುಮ್ಮನೆ ಪೋಸ್ಟ್ ಅಳಿಸಿದ್ದೆವು.

ಈ ಸಲ ಅಳಿಸಲಿಲ್ಲ. ಅದರ ಕೆಳಗೇ ಬರೆದೆವು: ‘ಪತ್ತೆ ಎಂದದ್ದು ನಮ್ಮ ತಪ್ಪು. ಸುಳಿವು ಸಿಕ್ಕಿದೆ, ಖಚಿತವಾಗಿಲ್ಲ.’ ಚಿರತೆಯದ್ದನ್ನೂ ತಡವಾಗಿಯಾದರೂ ಸೇರಿಸಿದೆವು. ಮೊದಲ ಪೋಸ್ಟಿನಷ್ಟು ಅದು ಓಡಲಿಲ್ಲ. ಟೀ ಅಂಗಡಿಯ ಹಿರಿಯರು ಮಾತ್ರ ಓದಿದ್ದರು. ‘ಈಗ ಸರಿ’ ಎಂದರು, ಅಷ್ಟೇ.

ಆ ನಕ್ಷತ್ರವನ್ನಾದರೂ ನಾವು ಕಂಡಿದ್ದೇವೆ. ನೀವೂ ಕಾಣಬಹುದು, ಖರ್ಚಿಲ್ಲ. ಮೇ ತಿಂಗಳ ನಡುವಿನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ, ಮೋಡವಿಲ್ಲದಾಗ, ಚಾಮರಾಜನಗರದ ದೀಪದ ಮಬ್ಬಿನ ಮೇಲೆ ನೇರ ದಕ್ಷಿಣಕ್ಕೆ ನೋಡಿ. ಕೈ ಚಾಚಿ ಮುಷ್ಟಿಯ ಮೇಲೆ ಮುಷ್ಟಿ ಇಟ್ಟರೆ, ದಿಗಂತದಿಂದ ಎರಡು ಮುಷ್ಟಿಗೆ ತುಸು ಕಡಿಮೆ ಎತ್ತರದಲ್ಲಿ ಎರಡು ಹೊಳೆಯುವ ಚುಕ್ಕಿ ಅಕ್ಕಪಕ್ಕ ಕಾಣುತ್ತವೆ. ಅವುಗಳ ಬಲಕ್ಕೆ ಶಿಲುಬೆಯಂಥ ತ್ರಿಶಂಕು. ಜೋಡಿಯಲ್ಲಿ ಎಡಗಡೆಯ, ಹೆಚ್ಚು ಬೆಳಗುವ ಚುಕ್ಕಿಯೇ ಆಲ್ಫಾ ಸೆಂಟಾರಿ. ‘ಎ’, ‘ಬಿ’ ಎರಡೂ ಅದರೊಳಗೇ ಒಂದಾಗಿ ಕಾಣುತ್ತವೆ. ದೆಹಲಿಯವರಿಗೆ ಇದು ದಿಗಂತದ ಧೂಳಿನಲ್ಲೇ ಮುಳುಗಿಹೋಗುತ್ತದೆ. ಅಲ್ಲಿಂದ ನಮಗೆ ಬೆಳಕು ಬರಲು 4 ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಅದು ಹೊರಟಾಗ ಅಂಗನವಾಡಿಗೆ ಸೇರಿದ ಮಗು ಈಗ ಎರಡನೇ ತರಗತಿ.

ಆ ಒಂದು ಚುಕ್ಕಿ ನಿಜಕ್ಕೂ ಎರಡು ಎಂದು 1689ರ ಡಿಸೆಂಬರ್‌ನಲ್ಲಿ ಕಂಡುಕೊಂಡವರು ಪುದುಚೇರಿಯಲ್ಲಿದ್ದ ಫ್ರೆಂಚ್ ಪಾದ್ರಿ ಜಾನ್ ರಿಶೋ. ಧೂಮಕೇತು ನೋಡಲು ದೂರದರ್ಶಕ ಹಿಡಿದವರಿಗೆ ಇದು ಸಿಕ್ಕಿತು. ಭೂಪಟದಲ್ಲಿ ಪುದುಚೇರಿಯೂ ನಮ್ಮ ಜಿಲ್ಲೆಯೂ ಹೆಚ್ಚೂಕಡಿಮೆ ಒಂದೇ ಅಡ್ಡಗೆರೆಯ ಮೇಲಿವೆ. ಅವರು ನೋಡಿದ ದಕ್ಷಿಣದ ಆಕಾಶವೇ ನಮ್ಮ ಹೊಲದ ಬದುವಿನಿಂದ ಕಾಣುವ ಆಕಾಶ.

ಆ ಗ್ರಹ ಇದ್ದರೆ, ‘ಎ’ ಮುಳುಗಿದ ಮೇಲೂ ‘ಬಿ’ ಮೇಲಿರುವ ರಾತ್ರಿಗಳಲ್ಲಿ ಅಲ್ಲಿ ನಮ್ಮ ಹುಣ್ಣಿಮೆಯ ನೂರಾರು ಪಟ್ಟು ಬೆಳಕಿರುತ್ತದೆ. ಇದ್ದರೆ. ಆ ‘ಇದ್ದರೆ’ಯನ್ನು ನಾವು ಇನ್ನು ಕಿತ್ತುಹಾಕುವುದಿಲ್ಲ. ಎಣಿಕೆ ಮುಗಿದ ದಿನ ಇಲ್ಲೇ ಬರೆಯುತ್ತೇವೆ, ಗೆದ್ದರೂ ಸೋತರೂ.